ನಕಲು, ಕೊಂಡಿ ಮತ್ತು ಆಕರ: ಗಣಕೀಕೃತ ಪಠ್ಯಯೋಜನೆಗಳ ಒಂದು ಸಮಸ್ಯೆ

ತಾಳಗುಂದದ ಸ್ತಂಭಶಾಸನವನ್ನು ಉಲ್ಲೇಖಿಸುವ ಸಂಶೋಧಕರು ‘ಎಪಿಗ್ರಾಫಿಯ ಕರ್ನಾಟಿಕ, ಸಂಪುಟ ೭, ಶಿಕಾರಿಪುರ ೧೭೬’ ಎಂದು ಬರೆಯುವುದು ರೂಢಿ. ಬಿ.ಎಲ್. ರೈಸ್ ಅವರು ೧೮೮೬ರಲ್ಲಿ ಕೊಡಗಿನ ಶಾಸನಗಳ ಸಂಪುಟದೊಂದಿಗೆ ಆರಂಭಿಸಿದ ಈ ಮಾಲೆಯಿಂದಾಗಿ ಶಾಸನದ ಪಾಠವನ್ನು ಪ್ರತಿಯೊಬ್ಬರೂ ತಮ್ಮ ಪ್ರಬಂಧದಲ್ಲಿ ಪೂರ್ತಿಯಾಗಿ ನಕಲು ಮಾಡಬೇಕಾದ ಅಗತ್ಯ ತಪ್ಪಿತು. ತಾಲ್ಲೂಕಿನ ಹೆಸರು ಮತ್ತು ಕ್ರಮಸಂಖ್ಯೆಗಳು ಓದುಗನನ್ನು ಆಕರದತ್ತ ಕೊಂಡೊಯ್ಯುವ ಕೊಂಡಿಗಳಾದವು. ೧೯೭೦ರ ದಶಕದಿಂದ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ಪರಿಷ್ಕೃತ ಸಂಪುಟಗಳನ್ನು ಹೊರತರತೊಡಗಿದಾಗ ಹೊಸ ಶಾಸನಗಳು ಸೇರಿದವು, ಸಂಪುಟಗಳ ವಿಂಗಡಣೆಯೂ ಸಂಖ್ಯೆಗಳೂ ಬದಲಾದವು. ಆ ಬಳಿಕ ಸಂಪುಟ ಮತ್ತು ಸಂಖ್ಯೆಗಳನ್ನಷ್ಟೇ ಹೇಳಿ ಯಾವ ಆವೃತ್ತಿ ಎಂಬುದನ್ನು ಹೇಳದ ಉಲ್ಲೇಖವು ಅರ್ಧ ಉಲ್ಲೇಖವೇ ಸರಿ. ಆಕರದ ನೆಲೆ ಮತ್ತು ಆಕರದ ಆವೃತ್ತಿ ಎಂಬ ಈ ಎರಡು ಅಂಶಗಳನ್ನು ಮುದ್ರಿತ ಗ್ರಂಥಗಳ ವಿಷಯದಲ್ಲಿ ಪಾಲಿಸುವ ಕನ್ನಡ ವಿದ್ವತ್ತು ಗಣಕಯಂತ್ರದ ಪಠ್ಯಗಳ ವಿಷಯದಲ್ಲಿ ಅದೇ ಶಿಸ್ತನ್ನು ತೋರಬೇಕಾದ ಕಾಲ ಬಂದಿದೆ.

ಸಮಸ್ಯೆಯ ಸ್ವರೂಪವನ್ನು ಒಂದು ಉದಾಹರಣೆಯಿಂದ ಗುರುತಿಸಬಹುದು. ಒಂದು ವಿಭಾಗದಲ್ಲಿ ನಿಘಂಟು, ಪದಪ್ರಯೋಗಕೋಶ ಮತ್ತು ಹಳಗನ್ನಡ ಪಠ್ಯಸಂಚಯ ಎಂಬ ಮೂರು ಯೋಜನೆಗಳು ನಡೆಯುತ್ತಿವೆ ಎಂದಿಟ್ಟುಕೊಳ್ಳಬಹುದು. ಮೂರಕ್ಕೂ ‘ನುಡಿ’, ‘ಬರಹ’ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಸಂಕೇತಗಳಲ್ಲಿರುವ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಒಂದೇ ಸಾಧನ ಬೇಕು. ಈ ಪರಿವರ್ತನೆ ಅಕ್ಷರಕ್ಕೆ ಅಕ್ಷರ ಇಡುವಷ್ಟು ಸರಳವಲ್ಲ. ಹಳೆಯ ಸಂಕೇತಗಳಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ವ್ಯಂಜನದ ನಂತರ, ದಾಖಲಾಗಿರುತ್ತದೆ; ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮಕ್ಕೆ ಅನುಗುಣವಾಗಿ ರೇಫವು ಮೊದಲು ಬರಬೇಕು. ಇನ್ನು ‘ಕಾರ್ಯ’ ಮತ್ತು ‘ಕಾರ‍್ಯ’ ಎಂಬ ಎರಡು ಬರಹರೂಪಗಳು ಓದುಗನಿಗೆ ಒಂದೇ ಶಬ್ದ. ಆದರೆ ಎರಡನೆಯದರಲ್ಲಿ ಕಣ್ಣಿಗೆ ಕಾಣದ ಒಂದು ಜೋಡಣಾ ಚಿಹ್ನೆ ಅಡಗಿರುವುದರಿಂದ ಗಣಕಕ್ಕೆ ಅವು ಬೇರೆ ಬೇರೆ ಶಬ್ದಗಳು.

ಇಂಥ ಸಾಧನವನ್ನು ಮೂರು ಯೋಜನೆಗಳವರೂ ತಮ್ಮ ತಮ್ಮ ಕಡತಕೋಶಗಳಿಗೆ ನಕಲು ಮಾಡಿಕೊಂಡರೆ ಮೊದಲ ದಿನ ಎಲ್ಲವೂ ಸರಿಯಾಗಿಯೇ ಇರುತ್ತದೆ. ಕೆಲವು ತಿಂಗಳ ನಂತರ ನಿಘಂಟಿನ ಸಹಾಯಕರು ಅರ್ಕಾವತ್ತಿನ ಒಂದು ದೋಷವನ್ನು ಕಂಡು ತಮ್ಮ ಪ್ರತಿಯಲ್ಲಿ ತಿದ್ದುತ್ತಾರೆ. ಪದಪ್ರಯೋಗಕೋಶದವರು ಜೋಡಣಾ ಚಿಹ್ನೆಯನ್ನು ತೆಗೆದುಹಾಕುತ್ತಾರೆ. ಪಠ್ಯಸಂಚಯದವರು ಮುದ್ರಿತ ರೂಪಕ್ಕೆ ನಿಷ್ಠರಾಗಿ ಅದನ್ನು ಉಳಿಸಿಕೊಳ್ಳುತ್ತಾರೆ. ಮೂವರ ನಿರ್ಧಾರಗಳಿಗೂ ಕಾರಣಗಳಿವೆ, ಆದರೆ ಅವು ಪರಸ್ಪರ ತಿಳಿಯವು. ಅದೇ ಕಾವ್ಯದಲ್ಲಿ ಅದೇ ಶಬ್ದದ ಪ್ರಯೋಗಸಂಖ್ಯೆ ಮೂರು ಯೋಜನೆಗಳಲ್ಲಿ ಮೂರು ಬಗೆಯಾಗುತ್ತದೆ. ಆ ಸಂಖ್ಯೆಯನ್ನು ಆಧರಿಸಿ ಶೈಲಿಯ ಕುರಿತೋ ಕಾಲನಿರ್ಣಯದ ಕುರಿತೋ ವಾದ ಹೂಡುವ ಸಂಶೋಧನಾ ವಿದ್ಯಾರ್ಥಿಯ ತೀರ್ಮಾನವನ್ನು ಮತ್ತೊಬ್ಬರು ಪರೀಕ್ಷಿಸಲು ಹೊರಟರೆ ಅವರಿಗೆ ಬೇರೆಯೇ ಫಲಿತಾಂಶ ದೊರೆಯುತ್ತದೆ, ಮತ್ತು ವ್ಯತ್ಯಾಸ ಎಲ್ಲಿ ಹುಟ್ಟಿತೆಂಬುದನ್ನು ಹೇಳಬಲ್ಲವರು ಯಾರೂ ಇರುವುದಿಲ್ಲ.

ಗ್ರಂಥಸಂಪಾದನೆಯ ಪರಿಚಯವುಳ್ಳವರಿಗೆ ಇದು ಹೊಸ ಕಥೆಯಲ್ಲ. ಒಂದು ಮಾತೃಪ್ರತಿಯಿಂದ ಹಲವು ಓಲೆಪ್ರತಿಗಳು ಹುಟ್ಟಿ, ಪ್ರತಿಯೊಬ್ಬ ಲಿಪಿಕಾರನೂ ತನಗೆ ತೋಚಿದಂತೆ ತಿದ್ದುತ್ತ ಹೋದಾಗ ಪಾಠಾಂತರಗಳು ಬೆಳೆಯುತ್ತವೆ. ಡಿ.ಎಲ್. ನರಸಿಂಹಾಚಾರ್ಯರಂಥ ವಿದ್ವಾಂಸರು ಪ್ರತಿಗಳ ವಂಶವೃಕ್ಷವನ್ನು ಗುರುತಿಸುವ ಶಾಸ್ತ್ರವನ್ನು ಕನ್ನಡದಲ್ಲಿ ಬೆಳೆಸಿದ್ದು ಈ ತೊಡಕನ್ನು ಬಿಡಿಸುವುದಕ್ಕಾಗಿಯೇ. ಲಿಪಿಕಾರನಿಗೆ ಬೇರೆ ದಾರಿ ಇರಲಿಲ್ಲ. ಇಂದಿನ ಯೋಜನೆಗಳಿಗೆ ಆ ದಾರಿ ಇದೆ; ಇದ್ದೂ ಬಳಸದೆ ಹೊಸ ಪಾಠಾಂತರಗಳನ್ನು ಸೃಷ್ಟಿಸುವುದು ಸಮರ್ಥನೀಯವೆನಿಸದು.

ತಂತ್ರಾಂಶ ನಿರ್ಮಾಣದ ಕ್ಷೇತ್ರವು ಈ ಪ್ರಶ್ನೆಯನ್ನು ಬಹುಕಾಲದಿಂದ ಎದುರಿಸುತ್ತ ಬಂದಿದೆ. ಅಲ್ಲಿ ಹಲವು ಕಾರ್ಯಕ್ರಮಗಳು ಸಮಾನವಾಗಿ ಬಳಸುವ ಸಿದ್ಧ ಭಾಗವನ್ನು ‘ಲೈಬ್ರರಿ’ ಎನ್ನುತ್ತಾರೆ. ಕಡತಗಳ ಪ್ರತಿಯೊಂದು ಬದಲಾವಣೆಯನ್ನೂ ಯಾರು, ಯಾವಾಗ, ಏಕೆ ಮಾಡಿದರೆಂಬ ವಿವರದೊಂದಿಗೆ ಉಳಿಸಿಕೊಳ್ಳುವ ವ್ಯವಸ್ಥೆಗೆ ಆವೃತ್ತಿ ನಿಯಂತ್ರಣವೆಂದೂ, ಹಾಗೆ ಉಳಿಸಿಕೊಂಡ ಕಡತಸಮುದಾಯಕ್ಕೆ ಭಂಡಾರವೆಂದೂ ಹೆಸರು. ೨೦೦೪ರಲ್ಲಿ ಮೊದಲ ಪೂರ್ಣ ಆವೃತ್ತಿಯಾಗಿ ಬಿಡುಗಡೆಯಾದ ‘ಸಬ್‌ವರ್ಷನ್’ ಒಂದು ಭಂಡಾರದೊಳಗೆ ಮತ್ತೊಂದನ್ನು ಸೇರಿಸಿಕೊಳ್ಳುವ ‘ಎಕ್ಸ್‌ಟರ್ನಲ್ಸ್’ ಎಂಬ ಅನುಕೂಲವನ್ನು ಒದಗಿಸಿತು. ಅದರಲ್ಲಿ ನಿರ್ದಿಷ್ಟ ಆವೃತ್ತಿಸಂಖ್ಯೆಯನ್ನು ಬರೆಯದಿದ್ದರೆ ಪ್ರತಿ ಬಾರಿಯೂ ಆಕರದ ತೀರ ಇತ್ತೀಚಿನ ರೂಪವೇ ಬಂದು ಸೇರುತ್ತದೆ. ನಿನ್ನೆ ಸರಿಯಿದ್ದ ಯೋಜನೆ ಇಂದು ತನ್ನದಲ್ಲದ ಬದಲಾವಣೆಯಿಂದ ಕೆಡಬಹುದು.

ಲಿನಸ್ ಟೋರ್ವಾಲ್ಡ್ಸ್ ೨೦೦೫ರಲ್ಲಿ ರಚಿಸಿದ ‘ಗಿಟ್’ಗೆ ೨೦೦೭ರಲ್ಲಿ ಸೇರಿದ ‘ಸಬ್‌ಮಾಡ್ಯೂಲ್’ ವ್ಯವಸ್ಥೆ ಹೆಚ್ಚು ಕಟ್ಟುನಿಟ್ಟಾದುದು. ಇದರಲ್ಲಿ ಮುಖ್ಯ ಯೋಜನೆಯು ಎರಡು ಸಂಗತಿಗಳನ್ನು ದಾಖಲಿಸಿಕೊಳ್ಳುತ್ತದೆ: ಹಂಚಿಕೆಯ ಭಂಡಾರ ಎಲ್ಲಿದೆ ಎಂಬ ವಿಳಾಸ, ಮತ್ತು ಅದರ ಯಾವ ಸ್ಥಿತಿಯನ್ನು ಬಳಸಲಾಗಿದೆ ಎಂಬ ಗುರುತು. ಈ ಗುರುತನ್ನು ದಾಖಲಾದ ಸ್ಥಿತಿಯ ಒಳಹುರುಳಿನಿಂದಲೇ ಗಣಿಸಲಾಗುತ್ತದೆ. ಒಂದು ಅಕ್ಷರ ವ್ಯತ್ಯಾಸವಾದರೂ ಗುರುತು ಬೇರೆಯಾಗುತ್ತದೆ. ಆಕರವು ಎಷ್ಟೇ ಮುಂದುವರಿದರೂ ಯೋಜನೆಯು ತಾನು ಆಯ್ದ ಸ್ಥಿತಿಯಲ್ಲೇ ನಿಂತಿರುತ್ತದೆ. ಹೊಸ ಸ್ಥಿತಿಗೆ ಸಾಗಬೇಕಾದರೆ ಯಾರಾದರೂ ಅದನ್ನು ಪರೀಕ್ಷಿಸಿ, ಗುರುತನ್ನು ಬದಲಿಸಿ, ಆ ಬದಲಾವಣೆಯನ್ನು ದಾಖಲಿಸಬೇಕು. ತಾಂತ್ರಿಕ ವಿವರಗಳಿಗಿಂತ ಈ ತತ್ತ್ವ ಕನ್ನಡ ಸಂಶೋಧಕರಿಗೆ ಮುಖ್ಯ. ಮುನ್ನಡೆಯು ತಾನಾಗಿ ಸಂಭವಿಸದೆ, ಹೊಣೆಯರಿತು ಕೈಗೊಂಡ ಸಂಪಾದಕೀಯ ನಿರ್ಧಾರವಾಗುತ್ತದೆ.

ಕನ್ನಡ ಲಿಪಿಗೇ ನೇರವಾಗಿ ಸಂಬಂಧಿಸಿದ ಒಂದು ನಿದರ್ಶನವನ್ನು ಇಲ್ಲಿ ನೋಡಬಹುದು. ಒತ್ತಕ್ಷರ, ಗುಣಿತಾಕ್ಷರಗಳನ್ನು ಪರದೆಯ ಮೇಲೆ ಸರಿಯಾಗಿ ಜೋಡಿಸುವ ‘ಹಾರ್ಫ್‌ಬಜ್’ ಎಂಬ ಲೈಬ್ರರಿಯನ್ನು ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್‌ಗಳು ಸಮಾನವಾಗಿ ಅವಲಂಬಿಸಿವೆ. ಕ್ರೋಮ್‌ನ ಮೂಲಭಂಡಾರವು ಇದರ ನಿರ್ದಿಷ್ಟ ಸ್ಥಿತಿಯೊಂದನ್ನು ಹೆಸರಿಸಿ ಕೊಂಡಿ ಹಾಕಿಕೊಳ್ಳುತ್ತದೆ. ಫೈರ್‌ಫಾಕ್ಸ್ ಅದರ ಪ್ರತಿಯನ್ನು ತನ್ನೊಳಗೇ ಇರಿಸಿಕೊಂಡರೂ ಅದು ಯಾವ ಆವೃತ್ತಿಯಿಂದ ಬಂದದ್ದೆಂಬುದನ್ನು ದಾಖಲಿಸುತ್ತದೆ. ವಿಧಾನಗಳು ಭಿನ್ನವಾದರೂ ಆಕರ ಮತ್ತು ಆವೃತ್ತಿಗಳ ಮಾಹಿತಿ ಎರಡರಲ್ಲಿಯೂ ಅಳಿಯದೆ ಉಳಿದಿದೆ. ಆದ್ದರಿಂದ ನಕಲು ತನ್ನಷ್ಟಕ್ಕೆ ದೋಷವಲ್ಲ. ತಾನು ಯಾವುದರ ನಕಲೆಂಬುದನ್ನು ಮರೆತ ನಕಲೇ ದೋಷಯುಕ್ತ.

ಕೊಂಡಿಯ ವ್ಯವಸ್ಥೆಗೂ ತನ್ನದೇ ಆದ ಅಪಾಯಗಳಿವೆ ಎಂಬುದನ್ನು ಅಲ್ಲಗಳೆಯುವಂತಿಲ್ಲ. ೨೦೧೬ರ ಮಾರ್ಚಿಯಲ್ಲಿ ಜಾವಾಸ್ಕ್ರಿಪ್ಟ್ ಭಾಷೆಯ ‘ಲೆಫ್ಟ್-ಪ್ಯಾಡ್’ ಎಂಬ, ಕೇವಲ ೧೧ ಸಾಲುಗಳ ಲೈಬ್ರರಿಯನ್ನು ಅದರ ಕರ್ತೃ ಸಾರ್ವಜನಿಕ ಸಂಗ್ರಹದಿಂದ ಹಿಂತೆಗೆದಾಗ, ಅದನ್ನು ನೇರವಾಗಿಯೋ ಪರೋಕ್ಷವಾಗಿಯೋ ಅವಲಂಬಿಸಿದ್ದ ಸಾವಿರಾರು ಯೋಜನೆಗಳ ನಿರ್ಮಾಣಕಾರ್ಯ ಸ್ಥಗಿತಗೊಂಡಿತು. ಆಕರವೇ ಇಲ್ಲವಾದರೆ ಕೊಂಡಿ ಬರಿಯ ವಿಳಾಸವಾಗಿ ಉಳಿಯುತ್ತದೆ. ಬಳಕೆಯ ತೊಡಕುಗಳೂ ಇವೆ. ಸಬ್‌ಮಾಡ್ಯೂಲ್ ಉಳ್ಳ ಭಂಡಾರವನ್ನು ಸಾಮಾನ್ಯ ಕ್ರಮದಲ್ಲಿ ಇಳಿಸಿಕೊಂಡವರಿಗೆ ಹಂಚಿಕೆಯ ಭಾಗದ ಜಾಗದಲ್ಲಿ ಖಾಲಿ ಕಡತಕೋಶವೊಂದು ಕಾಣುತ್ತದೆ. ಅದನ್ನು ತುಂಬಲು ಪ್ರತ್ಯೇಕ ಆದೇಶ ನೀಡಬೇಕು. ಹಂಚಿಕೆಯ ಭಾಗದಲ್ಲಿ ಮಾಡಿದ ತಿದ್ದುಪಡಿಯನ್ನು ಅದರ ಮೂಲಕ್ಕೆ ಕಳುಹಿಸದೆ ಮುಖ್ಯ ಯೋಜನೆಯ ಗುರುತನ್ನಷ್ಟೇ ಬದಲಿಸಿ ಕಳುಹಿಸಿದರೆ ಉಳಿದವರಿಗೆ ಆ ಸ್ಥಿತಿ ದೊರೆಯುವುದೇ ಇಲ್ಲ. ಈ ಕಾರಣಗಳಿಂದ ಹಲವರು ‘ಸಬ್‌ಟ್ರೀ’ ಎಂಬ ಇನ್ನೊಂದು ವಿಧಾನವನ್ನು ಮೆಚ್ಚುತ್ತಾರೆ. ಅದರಲ್ಲಿ ಹಂಚಿಕೆಯ ಭಾಗದ ಕಡತಗಳು ಮುಖ್ಯ ಭಂಡಾರದೊಳಗೇ ಬಂದು ಸೇರುತ್ತವೆ, ಆಕರದ ಗುರುತು ಚರಿತ್ರೆಯಲ್ಲಿ ದಾಖಲಾಗಿರುತ್ತದೆ, ಇಳಿಸಿಕೊಳ್ಳುವವರಿಗೆ ವಿಶೇಷ ತಿಳಿವಳಿಕೆ ಬೇಕಾಗುವುದಿಲ್ಲ. ಆದರೆ ತಿದ್ದುಪಡಿಯನ್ನು ಬೇರ್ಪಡಿಸಿ ಆಕರಕ್ಕೆ ಹಿಂದಿರುಗಿಸುವ ಕೆಲಸ ಹೆಚ್ಚು ಶ್ರಮದ್ದಾದುದರಿಂದ ಅದು ಹಿಂದೆ ಬೀಳುವ ಸಾಧ್ಯತೆಯೂ ಹೆಚ್ಚು.

ಭಾಷಾವಿಭಾಗಗಳಲ್ಲಿ ತಾಂತ್ರಿಕ ಸಿಬ್ಬಂದಿ ವಿರಳ, ಇಂಥ ವ್ಯವಸ್ಥೆ ಅವರಿಗೆ ಭಾರವಾದೀತು ಎಂಬ ಆಕ್ಷೇಪಣೆ ಸಹಜವಾದುದು. ಅದರಲ್ಲಿ ಸತ್ಯಾಂಶವಿದೆ. ಆದರೆ ಭಾರ ಎಲ್ಲಿಯೂ ಇಲ್ಲದ ಮಾರ್ಗ ಇಲ್ಲಿ ಲಭ್ಯವಿಲ್ಲ. ನಕಲು ಮಾಡಿಕೊಂಡವರ ಭಾರ ಮುಂದಕ್ಕೆ ಹೋಗುತ್ತದೆ, ಅಷ್ಟೆ. ಯೋಜನೆ ಮುಗಿದು ಸಹಾಯಕರು ಚದುರಿದ ಮೇಲೆ ಆ ಭಾರವನ್ನು ಹೊರುವವರು ಮುಂದಿನ ಸಂಶೋಧಕರು. ಮೇಲಾಗಿ ಆಕರಗಳು ಬದಲಾಗಲೇಬೇಕಾದ ಸಂದರ್ಭಗಳು ಬರುತ್ತವೆ. ೨೦೨೧ರಲ್ಲಿ ಯೂನಿಕೋಡ್ ೧೪.೦ ಆವೃತ್ತಿಯು ಕನ್ನಡದ ನಕಾರಪೊಲ್ಲುವಿಗೆ ಪ್ರತ್ಯೇಕ ಸ್ಥಾನವನ್ನು ನೀಡಿತು. ಅಲ್ಲಿಯವರೆಗೆ ‘ನ್’ ಎಂದೇ ದಾಖಲಾಗಿದ್ದ ಶಾಸನಪಾಠಗಳನ್ನು ಲಿಪಿರೂಪಕ್ಕೆ ನಿಷ್ಠವಾಗಿ ಮರುದಾಖಲಿಸುವ ಅವಕಾಶ ಇದರಿಂದ ಒದಗಿದೆ. ಹಾಗೆ ಮರುದಾಖಲಿಸಿದ ಪಾಠವನ್ನು ಯಾವ ನಿಘಂಟು, ಯಾವ ಸಂಚಯ, ಯಾವ ಹಂತದಿಂದ ಬಳಸತೊಡಗಿತು ಎಂಬುದು ಕೊಂಡಿಯ ಚರಿತ್ರೆಯಲ್ಲಿ ಸ್ಪಷ್ಟವಾಗಿರುತ್ತದೆ. ಚದುರಿದ ನಕಲುಗಳಲ್ಲಿ ಅದು ಊಹೆಯ ವಿಷಯವಾಗುತ್ತದೆ.

ಈ ಹಿನ್ನೆಲೆಯಲ್ಲಿ ಕನ್ನಡ ವಿಭಾಗಗಳು ಕೆಲವು ಕ್ರಮಗಳನ್ನು ಅಂಗೀಕರಿಸುವುದು ಅವಶ್ಯ. ಒಂದಕ್ಕಿಂತ ಹೆಚ್ಚು ಯೋಜನೆಗಳಿಗೆ ಬೇಕಾಗುವ ಪಠ್ಯ, ಪದಪಟ್ಟಿ, ಪರಿವರ್ತನಾ ಸಾಧನಗಳಿಗೆ ಪ್ರತ್ಯೇಕ ಭಂಡಾರವಿರಬೇಕು. ಅದು ಯಾವುದೇ ವ್ಯಕ್ತಿಯ ಸ್ವಂತ ಗಣಕದಲ್ಲಾಗಲಿ ಖಾಸಗಿ ಖಾತೆಯಲ್ಲಾಗಲಿ ಇರದೆ ಸಂಸ್ಥೆಯ ಹೆಸರಿನಲ್ಲಿದ್ದು, ಅದರ ಪೂರ್ಣ ಪ್ರತಿ ಇನ್ನೊಂದು ಕಡೆಯಲ್ಲೂ ಇರಬೇಕು. ಅದನ್ನು ಬಳಸುವ ಯೋಜನೆಗಳು ನಿರ್ದಿಷ್ಟ ಸ್ಥಿತಿಯನ್ನು ಹೆಸರಿಸಿಯೇ ಕೊಂಡಿ ಹಾಕಿಕೊಳ್ಳಬೇಕು. ದೋಷ ಎಲ್ಲಿಯೇ ಕಂಡರೂ ತಿದ್ದುಪಡಿ ಮೊದಲು ಹಂಚಿಕೆಯ ಭಂಡಾರಕ್ಕೆ ಹೋಗಿ, ಅಲ್ಲಿಂದ ಯೋಜನೆಗಳಿಗೆ ಬರಬೇಕು. ಗಣಕೀಕೃತ ಪಠ್ಯವನ್ನು ಆಧರಿಸಿದ ಪಿಎಚ್.ಡಿ. ಪ್ರಬಂಧಗಳಲ್ಲಿ ಮುದ್ರಿತ ಗ್ರಂಥದ ಆವೃತ್ತಿಯನ್ನು ನಮೂದಿಸುವಂತೆ ಭಂಡಾರದ ಸ್ಥಿತಿಯ ಗುರುತನ್ನೂ ನಮೂದಿಸುವುದು ಕಡ್ಡಾಯವಾಗಬೇಕು.

ಇವುಗಳಲ್ಲಿ ಕೊನೆಯದಕ್ಕೆ ಹಣವಾಗಲಿ ಹೊಸ ಸಿಬ್ಬಂದಿಯಾಗಲಿ ಬೇಕಿಲ್ಲ. ಮಾರ್ಗದರ್ಶಕರು ಕೇಳಿದರೆ ಸಾಕು. ‘ಈ ಪಾಠ ಯಾವ ಪ್ರತಿಯದು?’ ಎಂದು ಓಲೆಗರಿಯ ಬಗೆಗೆ ಕೇಳುವ ಪರೀಕ್ಷಕರು ಗಣಕದ ಕಡತದ ಬಗೆಗೂ ಅದೇ ಪ್ರಶ್ನೆಯನ್ನು ಕೇಳತೊಡಗಿದರೆ ಉಳಿದ ಕ್ರಮಗಳು ತಾವಾಗಿಯೇ ಅನಿವಾರ್ಯವಾಗುತ್ತವೆ.