ಯಶೋಧರನು ಮರೆಮಾಡಿ ಕೇಳಿದ ಸಲಹೆ

ಜನ್ನನ ‘ಯಶೋಧರ ಚರಿತೆ’ಯನ್ನು (1209) ಸಂಕಲ್ಪಹಿಂಸೆಯ ಕಥೆಯೆಂದು ಓದುವುದು ರೂಢಿ. ಹಿಟ್ಟಿನ ಕೋಳಿಯನ್ನು ಕಡಿದ ಪಾಪಕ್ಕೆ ತಾಯಿ ಮಗ ಇಬ್ಬರೂ ಭವಭವಗಳಲ್ಲಿ ತೊಳಲಿದರೆಂಬುದು ನಿಜವೇ. ಆದರೆ ಆ ಕೋಳಿಗಿಂತ ಮೊದಲೇ ನಡೆದ ತಪ್ಪೊಂದಿದೆ.

ಅಮೃತಮತಿಯು ಮಾವುತನೊಡನೆ ಇದ್ದುದನ್ನು ಯಶೋಧರನು ಕಣ್ಣಾರೆ ಕಂಡ. ಎತ್ತಿದ ಕತ್ತಿಯನ್ನು ಇಳಿಸಿದ. ಅಷ್ಟು ವಿವೇಕ ಅವನಲ್ಲಿತ್ತು. ತಾಯಿ ಚಂದ್ರಮತಿಯ ಮುಂದೆ ಮಾತ್ರ ಕಂಡದ್ದನ್ನು ಹೇಳದೆ, ಅದನ್ನು ದುಃಸ್ವಪ್ನವೊಂದರ ಮರೆಗೆ ಸರಿಸಿದ. ಕನಸೆಂದು ಕೇಳಿದವಳು ಕನಸಿಗೆ ತಕ್ಕ ಶಾಂತಿಯನ್ನೇ ಸೂಚಿಸಿದಳು: ದೇವಿಗೆ ಬಲಿ. ಜೀವಬಲಿಗೆ ಒಪ್ಪದವನು ಹಿಟ್ಟಿನ ಕೋಳಿಗೆ ಒಪ್ಪಿದ. ಚಂದ್ರಮತಿಯನ್ನು ಮೂಢಳೆಂದು ಹಳಿಯುವುದು ಸುಲಭ. ರೋಗವನ್ನೇ ಮುಚ್ಚಿಟ್ಟವನಿಗೆ ಯಾವ ವೈದ್ಯ ತಾನೇ ತಕ್ಕ ಮದ್ದು ಕೊಟ್ಟಾನು? ಅರಸನ ನಾಚಿಕೆ, ಮಾನಭಂಗದ ಅಳುಕು ಅರ್ಥವಾಗದವಲ್ಲ. ಆದರೂ ಅವನು ತಾಯಿಯಿಂದ ಬಯಸಿದ್ದು ಮಾರ್ಗದರ್ಶನವನ್ನಲ್ಲ, ಮಾತು ತಪ್ಪಿಸಿಕೊಳ್ಳುವ ದಾರಿಯನ್ನು.

ಇದರ ಎದುರಿಗೆ ಮಾರಿದತ್ತನನ್ನು ಇಟ್ಟು ನೋಡಬೇಕು. ಬಲಿಗೆಂದು ತಂದ ಅಭಯರುಚಿ, ಅಭಯಮತಿಯರನ್ನು ಕಂಡು ಅವನು ಕೈ ತಡೆದ, ನೀವಾರೆಂದು ಕೇಳಿದ. ಹರೆಯದ ಹುಡುಗನೊಬ್ಬನ ಮಾತಿಗೆ ಅರಸನಾದವನು ಕಿವಿಗೊಟ್ಟ. ಯಶೋಧರನ ಕಥೆಯೆಲ್ಲ ಆ ಪ್ರಶ್ನೆಗೆ ಬಂದ ಉತ್ತರ.