ದೋಣಿಗೆ ತಕ್ಕ ನದಿಯೋ, ನದಿಗೆ ತಕ್ಕ ದೋಣಿಯೋ

ಮಲೆನಾಡಿನ ಎಷ್ಟೋ ಮನೆಗಳ ಮಕ್ಕಳು ಇಂದು ಯೂರೋಪಿನ ನಗರಗಳಲ್ಲಿ ಉದ್ಯೋಗದಲ್ಲಿದ್ದಾರೆ. ಅಡಿಕೆ ಕೊಯ್ಲು ಮುಗಿದ ಮೇಲೆ ಅಪ್ಪ-ಅಮ್ಮಂದಿರನ್ನು ಕರೆಸಿಕೊಂಡು ನಾಲ್ಕು ಊರು ತೋರಿಸಿ ಕಳುಹಿಸುವ ರೂಢಿಯೂ ಬೆಳೆದಿದೆ. ಹೀಗೆ ಹೋಗುವವರ ಕೈಗೆ ಈಚೆಗೆ ಬರುತ್ತಿರುವುದು ಫ್ರಾನ್ಸಿನ ನದೀವಿಹಾರದ ಬಣ್ಣದ ಹೊತ್ತಗೆಗಳು. ಒಂದು ವಾರ ಹಡಗಿನಲ್ಲೇ ವಾಸ, ಹಡಗಿನಲ್ಲೇ ಊಟ, ದಿನಕ್ಕೊಂದು ಊರಿನ ದಡ. ಮೊಣಕಾಲು ನೋವಿನ ಹಿರಿಯರಿಗೆ ಪೆಟ್ಟಿಗೆ ಹೊತ್ತು ಅಲೆಯುವ ಕಷ್ಟವಿಲ್ಲದ ಈ ಏರ್ಪಾಡು ಹಿಡಿಸುವುದರಲ್ಲಿ ಆಶ್ಚರ್ಯವಿಲ್ಲ. ಯಾವ ತಿಂಗಳು ಒಳ್ಳೆಯದು, ಎಷ್ಟು ಖರ್ಚು, ಯಾವ ಹಡಗು ಎಂಬ ಪ್ರಶ್ನೆಗಳಿಗೆ ಆ ಹೊತ್ತಗೆಗಳಲ್ಲಿ ಉತ್ತರವುಂಟು. ಆ ನದಿ ಆ ಹಡಗನ್ನು ಹೊರುವಂತೆ ಆದದ್ದು ಹೇಗೆ ಎಂಬ ಪ್ರಶ್ನೆ ಮಾತ್ರ ಅಲ್ಲಿಲ್ಲ. ಹೊಳೆಯ ಜೊತೆ ಬದುಕಿದ ನಾವು ಮೊದಲು ಕೇಳಬೇಕಾದುದು ಅದನ್ನೇ ಎಂಬುದು ನನ್ನ ವಾದ.

ಹೆಚ್ಚು ಜನ ಆರಿಸಿಕೊಳ್ಳುವ ಮಾರ್ಗ ರೋನ್ ನದಿಯದು. ಸ್ವಿಟ್ಜರ್ಲೆಂಡಿನ ಹಿಮನದಿಯೊಂದರಲ್ಲಿ ಹುಟ್ಟಿ, ಜಿನೀವಾ ಸರೋವರವನ್ನು ಹಾದು, ಲಿಯೋನ್ ನಗರದಲ್ಲಿ ಸೋನ್ ನದಿಯನ್ನು ಕೂಡಿಕೊಂಡು, ದಕ್ಷಿಣಕ್ಕೆ ಹರಿದು ಮೆಡಿಟರೇನಿಯನ್ ಕಡಲು ಸೇರುವ ಈ ನದಿ ಒಂದು ಕಾಲದಲ್ಲಿ ನಾವಿಕರ ಎದೆ ನಡುಗಿಸುವಷ್ಟು ರಭಸದ್ದಾಗಿತ್ತು. ಇಳಿಯುವಾಗ ಸೆಳವೇ ದೋಣಿಯನ್ನು ಒಯ್ಯುತ್ತಿತ್ತು; ಏರುವಾಗ ದಡದ ಮೇಲೆ ಕುದುರೆಗಳ ಸಾಲು ಕಟ್ಟಿ ಹಗ್ಗದಿಂದ ಎಳೆಯಬೇಕಿತ್ತು. ಉಗಿದೋಣಿ ಬಂದು ಈ ವೃತ್ತಿಯನ್ನು ನುಂಗಿದ ಕಥೆಯನ್ನು ಪ್ರೊವಾನ್ಸ್ ಭಾಷೆಯ ಕವಿ ಫ್ರೆಡರಿಕ್ ಮಿಸ್ತ್ರಾಲ್ 1897ರಲ್ಲಿ ಒಂದು ದೀರ್ಘ ಕಾವ್ಯವಾಗಿಯೇ ಬರೆದಿದ್ದಾನೆ.

ಇಂದಿನ ರೋನ್ ಆ ನದಿಯಲ್ಲ. ವಿದ್ಯುತ್ತು, ನೌಕಾಸಂಚಾರ, ನೀರಾವರಿ ಎಂಬ ಮೂರು ಉದ್ದೇಶಗಳಿಗಾಗಿ ನದಿಯನ್ನು ಪಳಗಿಸಬೇಕೆಂದು 1921ರಲ್ಲಿ ಕಾಯಿದೆಯಾಯಿತು. 1933ರಲ್ಲಿ ಅದಕ್ಕಾಗಿಯೇ ಒಂದು ರಾಷ್ಟ್ರೀಯ ಕಂಪನಿ ಹುಟ್ಟಿತು. 1948ರಲ್ಲಿ ಮೇಲ್ಭಾಗದ ಜೆನಿಸ್ಯಾ ಅಣೆಕಟ್ಟು, 1952ರಲ್ಲಿ ಕೆಳಗಿನ ದೊಂಜೇರ್-ಮೊಂದ್ರಾಗೋನ್ ಯೋಜನೆ ಉದ್ಘಾಟನೆಗೊಂಡವು. ಲಿಯೋನಿನಿಂದ ಕಡಲಿನವರೆಗಿನ ಸರಣಿ 1980ರಲ್ಲಿ ಪೂರ್ಣವಾಯಿತು. ಲಿಯೋನಿನಿಂದ ಆರ್ಲ್ ಪಟ್ಟಣಕ್ಕೆ ಇಳಿಯುವ ಹಡಗು ಈಗ ಹನ್ನೆರಡು ‘ಲಾಕ್’ಗಳನ್ನು ದಾಟಬೇಕು. ಲಾಕ್ ಎಂದರೆ ಎರಡು ತುದಿಗೂ ಕದವಿರುವ ದೊಡ್ಡ ಕಾಂಕ್ರೀಟು ತೊಟ್ಟಿ. ಹಡಗು ಒಳಹೊಕ್ಕ ಮೇಲೆ ಹಿಂದಿನ ಕದ ಮುಚ್ಚುತ್ತದೆ. ತೊಟ್ಟಿಯ ನೀರು ಕೆಳಮಟ್ಟಕ್ಕೆ ಇಳಿಯುತ್ತದೆ, ಜೊತೆಗೆ ಹಡಗೂ ಇಳಿಯುತ್ತದೆ. ಬಳಿಕ ಮುಂದಿನ ಕದ ತೆರೆಯುತ್ತದೆ. ಬೊಲೆನ್ ಎಂಬಲ್ಲಿ ಹೀಗೆ ಇಳಿಯುವ ಎತ್ತರ ಸುಮಾರು 23 ಮೀಟರು. ನಮ್ಮ ದೊಡ್ಡ ಅಡಿಕೆ ಮರವೊಂದರ ತುದಿಯಿಂದ ಬುಡಕ್ಕೆ ಇಳಿದಂತೆ. ಇಲ್ಲಿನ ದೊಡ್ಡ ಹಡಗುಗಳ ಉದ್ದ ಸುಮಾರು 135 ಮೀಟರು, ಅಗಲ ಹನ್ನೊಂದೂವರೆಯ ಹತ್ತಿರ. ಲಾಕಿನ ಅಗಲ ಕೇವಲ 12. ಎರಡು ಬದಿಗೂ ಒಂದೊಂದು ಅಡಿ ಬಿಟ್ಟು ಅಷ್ಟು ದೊಡ್ಡ ಹಡಗನ್ನು ಒಳಗೆ ನುಸುಳಿಸುವ ಚಾಲಕನ ಕೈಚಳಕವನ್ನು ಎದ್ದು ನಿಂತು ನೋಡಬೇಕು. ಅದನ್ನು ನೋಡಿ ಸಂತೋಷಪಡುವುದರಲ್ಲಿ ಯಾವ ಅಪರಾಧವೂ ಇಲ್ಲ.

ಆದರೆ ಬೊಲೆನ್ ಲಾಕ್ ಇರುವುದು ನದಿಯಲ್ಲಿ ಅಲ್ಲ, ಸುಮಾರು 24 ಕಿಲೋಮೀಟರು ಉದ್ದದ ತೋಡುಗಾಲುವೆಯಲ್ಲಿ. ಅಷ್ಟು ದೂರ ಪ್ರಯಾಣಿಕನು ರೋನ್ ನದಿಯ ಮೇಲೆ ಇರುವುದೇ ಇಲ್ಲ. ನಿಜವಾದ ನದಿ ಪಶ್ಚಿಮಕ್ಕೆ ಬೇರೆಯಾಗಿ, ತನ್ನ ಹಳೆಯ ಪಾತ್ರದಲ್ಲಿ, ಬಿಟ್ಟಷ್ಟು ನೀರಿನಲ್ಲಿ ಹರಿಯುತ್ತಿರುತ್ತದೆ. ಅದಕ್ಕೆ ‘ಹಳೆಯ ರೋನ್’ ಎಂದೇ ಹೆಸರು. ಹದಿಮೂರನೆಯ ಶತಮಾನದಲ್ಲಿ ಕಟ್ಟಲಾರಂಭಿಸಿದ ಪೋನ್-ಸ್ಯಾಂತ್-ಎಸ್ಪ್ರೀ ಸೇತುವೆ, ಹಿಂದಿನ ನಾವಿಕರು ದೇವರ ಹೆಸರು ಹೇಳಿ ದಾಟುತ್ತಿದ್ದ ಆ ಕಮಾನುಗಳ ಸಾಲು, ಆ ಹಳೆಯ ಪಾತ್ರದ ಮೇಲಿದೆ; ವಿಹಾರದ ಹಡಗಿಗೆ ಅದು ಕಾಣುವುದೇ ಇಲ್ಲ. ಇಂತಹ ಬಿಟ್ಟುಹೋದ ನದಿಭಾಗಗಳು ಈ ಮಾರ್ಗದಲ್ಲಿ ಇನ್ನೂ ಇವೆ. ಶರಾವತಿ ಕಣಿವೆಯಲ್ಲಿ ನಾವು ಕಂಡದ್ದು ಮುಳುಗಡೆ. ಅಲ್ಲಿನವರು ಕಂಡದ್ದು ನೀರು ಕಳೆದುಕೊಂಡ ಹೊಳೆ. ಕಡಲಿನಿಂದ ಏರಿ ಬರುತ್ತಿದ್ದ ಮೀನುಗಳ ದಾರಿ ಕಡಿದುಹೋಯಿತು. ಹಳೆಯ ಪಾತ್ರಕ್ಕೆ ಬಿಡಬೇಕಾದ ಕನಿಷ್ಠ ನೀರಿನ ಪ್ರಮಾಣವನ್ನು 2006ರ ಜಲಕಾಯಿದೆ ಹೆಚ್ಚಿಸಿತು. ಅದು ಜಾರಿಗೆ ಬಂದುದು 2014ರಿಂದ. ಅಣೆಕಟ್ಟು ಕಟ್ಟಿ ಅರವತ್ತು ವರ್ಷಗಳಾದ ಮೇಲೆ ನದಿಗೂ ಒಂದು ಪಾಲು ಬೇಕೆಂಬ ಮಾತು ಸ್ವಲ್ಪ ಗಟ್ಟಿಯಾಯಿತು ಎನ್ನಬೇಕು.

ರೋನ್ ಯೋಜನೆಯಿಂದ ಪ್ರಯೋಜನವಾಗಿಲ್ಲವೆಂದು ಹೇಳುವುದು ಅನ್ಯಾಯವಾದೀತು. ಫ್ರಾನ್ಸಿನ ಜಲವಿದ್ಯುತ್ತಿನ ಸುಮಾರು ಕಾಲು ಭಾಗ ಈ ನದಿಯದು. ನೂರಾರು ಲಾರಿಗಳ ಹೊರೆಯನ್ನು ನಾಡದೋಣಿಗಳ ಬದಲು ಭಾರಿ ಸರಕುದೋಣಿಗಳು ಹೊರುತ್ತಿವೆ. ಆದರೆ ನದಿಯನ್ನು ಒಮ್ಮೆ ಯಂತ್ರವಾಗಿಸಿದ ಮೇಲೆ ಅದರ ದಡಕ್ಕೆ ಬೇರೆ ಯಂತ್ರಗಳೂ ಬಂದು ಕೂರುತ್ತವೆ. ಈ ನದಿಯ ದಂಡೆಯಲ್ಲಿ ನಾಲ್ಕು ಅಣುವಿದ್ಯುತ್ ಸ್ಥಾವರಗಳು ನಡೆಯುತ್ತಿವೆ. ಕ್ರುಆಸ್ ಸ್ಥಾವರದ ತಂಪುಗೋಪುರವೊಂದರ ಮೇಲೆ ಆಡುತ್ತಿರುವ ಮಗುವಿನ ಬೃಹತ್ ಚಿತ್ರವೊಂದನ್ನು ಬರೆಸಿದ್ದಾರೆ. ಹಡಗಿನವರು ಅದರ ಫೋಟೋ ತೆಗೆದುಕೊಳ್ಳುತ್ತಾರೆ. 2022ರ ಬೇಸಿಗೆಯ ಬಿಸಿಗಾಳಿಯಲ್ಲಿ ನದಿಯ ನೀರೇ ಬೆಚ್ಚಗಾಗಿ, ಸ್ಥಾವರಗಳ ಬಿಸಿನೀರನ್ನು ಹೊರಬಿಡಲು ಸರ್ಕಾರ ನಿಯಮವನ್ನೇ ಸಡಿಲಿಸಬೇಕಾಯಿತು. ಮಗುವಿನ ಚಿತ್ರದ ಅಡಿಯಲ್ಲಿ ಇದನ್ನು ಯಾರೂ ಬರೆದಿಟ್ಟಿಲ್ಲ.

ಇನ್ನು ಲ್ವಾರ್. ಫ್ರಾನ್ಸಿನ ಅತಿ ಉದ್ದದ ನದಿ, ಸಾವಿರ ಕಿಲೋಮೀಟರಿಗೂ ಮಿಗಿಲು. ದಕ್ಷಿಣ ಫ್ರಾನ್ಸಿನ ಬೆಟ್ಟನಾಡಿನಲ್ಲಿ ಹುಟ್ಟಿ, ಉತ್ತರಕ್ಕೆ ಹರಿದು, ಓರ್ಲೆಯಾನಿನ ಬಳಿ ಪಶ್ಚಿಮಕ್ಕೆ ತಿರುಗಿ ಅಟ್ಲಾಂಟಿಕ್ ಸೇರುತ್ತದೆ. ದಡದ ಅರಮನೆಗಳಿಗೆ ಹೆಸರಾದ ಈ ನದಿಯಲ್ಲಿ ರೋನ್ ಮಾರ್ಗದ ಹಡಗುಗಳು ಸಂಚರಿಸಲಾರವು. ಬೇಸಿಗೆಯಲ್ಲಿ ಮರಳದಿಣ್ಣೆಗಳು ಏಳುತ್ತವೆ, ಮಳೆ ಬಂದರೆ ಕರಗುತ್ತವೆ, ಮುಂದಿನ ವರ್ಷ ಬೇರೆಡೆ ಏಳುತ್ತವೆ.

ಇದೂ ರೋನ್ ನದಿಯಂತೆಯೇ ಆಗಿಬಿಡುವ ಸಾಧ್ಯತೆಯಿತ್ತು. 1980ರ ಸೆಪ್ಟೆಂಬರಿನಲ್ಲಿ ಲ ಪ್ವೀ ಪಟ್ಟಣದ ನೆರೆಯ ಬ್ರೀವ್-ಶಾರೆನ್ಸಾಕ್ ಎಂಬಲ್ಲಿ ಏಕಾಏಕಿ ಪ್ರವಾಹ ಬಂದು ಎಂಟು ಜನ ಸತ್ತರು. ನೆರೆ ತಡೆಯುವ ಹಾಗೂ ಬೇಸಿಗೆಗೆ ನೀರು ಕೂಡಿಡುವ ಹೆಸರಿನಲ್ಲಿ 1986ರ ಹೊತ್ತಿಗೆ ಲ್ವಾರ್ ಕಣಿವೆಯಲ್ಲಿ ನಾಲ್ಕು ಅಣೆಕಟ್ಟುಗಳ ಯೋಜನೆ ಸಿದ್ಧವಾಯಿತು. ಅವುಗಳಲ್ಲಿ ಒಂದು, ನದಿಯ ಮೇಲ್ಕಣಿವೆಯ ಸೇರ್ ದ ಲಾ ಫಾರ್. 1989ರಲ್ಲಿ ಆ ಕಣಿವೆಯ ಜನರೂ ಹೊರಗಿನಿಂದ ಬಂದ ಪರಿಸರಾಸಕ್ತರೂ ಕಾಮಗಾರಿಯ ಜಾಗದಲ್ಲೇ ಬಿಡಾರ ಹೂಡಿದರು. ಐದು ವರ್ಷ ಅಲ್ಲಿಂದ ಕದಲಲಿಲ್ಲ. ‘ಜೀವಂತ ಲ್ವಾರ್’ ಎಂಬುದು ಅವರ ಸಂಘಟನೆಯ ಹೆಸರಿನಲ್ಲೇ ಇತ್ತು. ಅವರು ಬೇಡವೆಂದಷ್ಟೇ ಹೇಳಲಿಲ್ಲ. ನೆರೆಯಿಂದ ಊರನ್ನು ಕಾಯುವುದಕ್ಕೆ ಬೇರೆ ದಾರಿಯಿದೆ ಎಂದು ತೋರಿಸಿದರು. 1994ರ ಜನವರಿಯಲ್ಲಿ ಸರ್ಕಾರ ನದಿಯ ಸಹಜ ಸ್ವರೂಪವನ್ನು ಮನ್ನಿಸುವ ಹೊಸ ಯೋಜನೆಯನ್ನು ಪ್ರಕಟಿಸಿತು. ಸೇರ್ ದ ಲಾ ಫಾರ್ ಕೈಬಿಟ್ಟುಹೋಯಿತು. ಬ್ರೀವ್-ಶಾರೆನ್ಸಾಕಿನಲ್ಲಿ ನದಿಗೆ ಅಡ್ಡ ಬಂದಿದ್ದ ಕಾರ್ಖಾನೆಗಳನ್ನು ಎತ್ತಂಗಡಿ ಮಾಡಿ ಹೊಳೆಯ ಪಾತ್ರವನ್ನೇ ಅಗಲಿಸಲಾಯಿತು. 1998ರಲ್ಲಿ ಉಪನದಿ ಅಲಿಯೇಯ ಮೇಲ್ಭಾಗದಲ್ಲಿ ಸ್ಯಾಂತ್-ಎತಿಯೆನ್-ದ್ಯು-ವಿಗಾನ್ ಎಂಬ ಹಳೆಯ ಅಣೆಕಟ್ಟನ್ನು, ಸಾಲ್ಮನ್ ಮೀನಿನ ದಾರಿ ತೆರೆಯಲೆಂದು, ಸಿಡಿಮದ್ದಿಟ್ಟು ಒಡೆದರು. ಲ್ವಾರ್ ಪೂರ್ತಿ ಮುಕ್ತ ನದಿಯೇನೂ ಅಲ್ಲ. ಮೇಲ್ಭಾಗದಲ್ಲಿ ವಿಲರೆ ಅಣೆಕಟ್ಟಿದೆ, ಕೆಳಗೆ ಇಲ್ಲಿಯೂ ನಾಲ್ಕು ಅಣುಸ್ಥಾವರಗಳಿವೆ. ಆದರೂ ಅದು ಇನ್ನೂ ನದಿಯಂತೆ ನಡೆದುಕೊಳ್ಳುತ್ತದೆ.

ಅಂತಹ ನದಿಯಲ್ಲಿ ವಿಹಾರ ನಡೆಸಬೇಕೆಂದರೆ ಹಡಗು ಬದಲಾಗಬೇಕು. 2015ರಲ್ಲಿ ಫ್ರಾನ್ಸಿನದೇ ಒಂದು ಸಂಸ್ಥೆ ಲ್ವಾರ್ ನದಿಗೆಂದೇ ಚಕ್ರದ ಹಡಗೊಂದನ್ನು ಕಟ್ಟಿಸಿತು. ಹತ್ತೊಂಬತ್ತನೆಯ ಶತಮಾನದ ಉಗಿದೋಣಿಗಳಂತೆ ಎರಡು ಪಕ್ಕಗಳಲ್ಲಿ ನೀರು ತಳ್ಳುವ ಚಕ್ರಗಳು. ಮುಳುಗುವ ಆಳ ಒಂದು ಮೀಟರಿಗಿಂತಲೂ ಕಡಿಮೆ. ಪ್ರಯಾಣಿಕರು ನೂರರ ಒಳಗೆ. ಅಷ್ಟಾದರೂ ಅದು ನಾಂತ್ ನಗರದ ಕಡೆಯಿಂದ ಆಂಜೆಯ ಸಮೀಪದವರೆಗೆ ಮಾತ್ರ ಏರಬಲ್ಲದು. ಮುಂದಿನ ಅರಮನೆಗಳಿಗೆ ಬಸ್ಸೇ ಗತಿ. ಪ್ರವಾಸಿ ಇದನ್ನು ಕೊರತೆಯೆಂದು ತಿಳಿಯುತ್ತಾನೆ. ನನಗೆ ಇದು ಆ ಕಣಿವೆಯ ಜನರ ಗೆಲುವಿನ ಗುರುತು. ತೂರ್, ಓರ್ಲೆಯಾನ್ ಮೊದಲಾದ ಪಟ್ಟಣಗಳಲ್ಲಿ ‘ತೂ’ ಎಂದು ಕರೆಯುವ ಚಪ್ಪಟೆ ತಳದ ಮರದ ದೋಣಿಗಳಿವೆ. ಹತ್ತಾರು ಜನ ಕೂತು ಒಂದೆರಡು ತಾಸು ಸುತ್ತಿ ಬರಬಹುದು. ಒಂದು ವಾರದ ಹಡಗುವಾಸಕ್ಕಿಂತ ಅಂತಹ ದೋಣಿಯ ಒಂದು ಸಂಜೆ ನದಿಯನ್ನು ಹೆಚ್ಚು ತೋರಿಸೀತು ಎಂದು ನಾನು ನಂಬುತ್ತೇನೆ.

ವಿದ್ಯಾರ್ಥಿಗಳು ಗಮನಿಸಬೇಕಾದ ಮೂರನೆಯ ಮಾರ್ಗವೊಂದಿದೆ: ಕನಾಲ್ ದ್ಯು ಮಿದಿ, ಅರ್ಥಾತ್ ದಕ್ಷಿಣದ ಕಾಲುವೆ. ಪಿಯೇರ್-ಪೋಲ್ ರಿಕೆ ಎಂಬಾತ 1666ರಲ್ಲಿ ರಾಜಾಜ್ಞೆ ಪಡೆದು ಆರಂಭಿಸಿದ ಈ ಕಾಲುವೆ 1681ರಲ್ಲಿ ಸಂಚಾರಕ್ಕೆ ತೆರೆಯಿತು. ಆತ ಅದಕ್ಕೆ ಒಂದು ವರ್ಷ ಮೊದಲೇ ತೀರಿಕೊಂಡಿದ್ದ. ತೂಲೂಜ್‌ನಿಂದ ಮೆಡಿಟರೇನಿಯನ್ ಅಂಚಿನ ಹಿನ್ನೀರಿನವರೆಗೆ 240 ಕಿಲೋಮೀಟರು. ಕಾಲುವೆ ನೋರೂಜ್ ಎಂಬ ಏರನ್ನು ದಾಟಬೇಕು. ಅಲ್ಲಿಗೆ ನೀರು ಬರುವುದು ‘ಕಪ್ಪುಬೆಟ್ಟ’ದ ತೊರೆಗಳಿಂದ. ತೊರೆಗಳನ್ನು ಒಂದೊಂದಾಗಿ ಹಿಡಿದು, ಬೆಟ್ಟದ ಮೈಯಲ್ಲಿ ಸಣ್ಣ ಇಳಿಜಾರಿನ ತೋಡುಗಳಲ್ಲಿ ತಂದು, ಸ್ಯಾಂ ಫೆರಿಯೋಲ್ ಕೆರೆಯಲ್ಲಿ ಕೂಡಿಟ್ಟು, ಏರಿನ ನೆತ್ತಿಗೆ ಹರಿಸುತ್ತಾರೆ. ಅಲ್ಲಿಂದ ನೀರು ಎರಡು ಕಡೆಗೆ ಇಳಿಯುತ್ತದೆ, ಒಂದು ಪಾಲು ಅಟ್ಲಾಂಟಿಕ್ ಕಡೆಗೆ, ಇನ್ನೊಂದು ಮೆಡಿಟರೇನಿಯನ್ ಕಡೆಗೆ. ತೋಟಕ್ಕೆ ಅಬ್ಬಿಯ ನೀರನ್ನು ದಂಬೆಯಲ್ಲಿ ತಂದವರಿಗೆ ಈ ಲೆಕ್ಕ ಯಾರೂ ವಿವರಿಸಬೇಕಾಗಿಲ್ಲ.

ಈ ಕಾಲುವೆಯಲ್ಲಿ ಚಿಕ್ಕ ದೋಣಿಯನ್ನು ಬಾಡಿಗೆಗೆ ಪಡೆದು, ಸ್ವಲ್ಪ ತರಬೇತಿಯ ಬಳಿಕ, ಪರವಾನಗಿಯಿಲ್ಲದೆ ನಾವೇ ನಡೆಸಬಹುದು. ವೇಗ ಗಂಟೆಗೆ ಎಂಟು ಕಿಲೋಮೀಟರಿಗೆ ಮೀರುವಂತಿಲ್ಲ. ಎರಡು ದಡಗಳ ಪ್ಲೇನ್ ಮರಗಳ ನೆರಳು ಇದರ ಹಿರಿಮೆಯಾಗಿತ್ತು, ಸುಮಾರು 42,000 ಮರಗಳು. 2006ರಲ್ಲಿ ಅವುಗಳಿಗೆ ಶಿಲೀಂಧ್ರ ರೋಗವೊಂದು ತಗುಲಿದುದು ಪತ್ತೆಯಾಯಿತು. ಮದ್ದಿಲ್ಲ, ಕಡಿದು ಸುಡುವುದೇ ಉಪಾಯ. ಹತ್ತಾರು ಸಾವಿರ ಮರಗಳು ಹೀಗೆ ಹೋದವು. ರೋಗವನ್ನು ಮರದಿಂದ ಮರಕ್ಕೆ ಒಯ್ದವುಗಳಲ್ಲಿ ವಿಹಾರದ ದೋಣಿಗಳೂ ಸೇರಿವೆ: ಬೇರಿಗೆ ಉಜ್ಜಿದ ದೋಣಿಯ ಮೈ, ಕಾಂಡಕ್ಕೆ ಬಿಗಿದ ಹಗ್ಗ, ಸೋಂಕಿನ ನೀರು. ರೋಗ ತೋಟದಿಂದ ತೋಟಕ್ಕೆ ಹಬ್ಬುವುದನ್ನು ಕಂಡ ಅಡಿಕೆ ಬೆಳೆಗಾರರಿಗೆ ಆ ಸಂಕಟ ಅರ್ಥವಾದೀತು. ಮರಕ್ಕೆ ಹಗ್ಗ ಕಟ್ಟಬಾರದೆಂಬ ನಿಯಮವನ್ನು ಅಲ್ಲಿ ಹೋದವರು ಅಕ್ಷರಶಃ ಪಾಲಿಸಬೇಕು.

ಇಷ್ಟನ್ನೂ ನಮ್ಮ ಪತ್ರಿಕೆಯಲ್ಲಿ ಬರೆಯಲು ಕಾರಣವಿದೆ. 2016ರ ರಾಷ್ಟ್ರೀಯ ಜಲಮಾರ್ಗಗಳ ಕಾಯಿದೆ ದೇಶದ 111 ಜಲಮಾರ್ಗಗಳನ್ನು ಪಟ್ಟಿಮಾಡಿದೆ. ಅದರಲ್ಲಿ ಕಾಳಿ, ಶರಾವತಿ, ಪಂಚಗಂಗಾವಳಿ, ನೇತ್ರಾವತಿಗಳ ಹೆಸರಿದೆ. ತುಂಗಭದ್ರೆ, ಕಬಿನಿಗಳದೂ ಇದೆ. 2023ರ ಜನವರಿಯಲ್ಲಿ ವಾರಾಣಸಿಯಿಂದ ದಿಬ್ರೂಗಢಕ್ಕೆ ವಿಹಾರದ ಹಡಗು ಹೊರಟದ್ದನ್ನು ಓದುಗರು ಬಲ್ಲರು. ಪಟ್ಟಿಗೆ ಸೇರಿದ ಮಾತ್ರಕ್ಕೆ ನಾಳೆಯೇ ಹೂಳೆತ್ತುವ ಯಂತ್ರ ಬರುತ್ತದೆಂದಲ್ಲ. ಆದರೆ ನಮ್ಮ ಹೊಳೆಗಳಿಗೆ ವಿಹಾರದ ಯೋಜನೆ ಎಂದು ಯಾರಾದರೂ ನಕ್ಷೆ ಹಿಡಿದು ಬಂದಾಗ, ಆ ಹಡಗು ಎಷ್ಟು ಆಳದ ನೀರು ಬೇಡುತ್ತದೆ, ಬೇಸಿಗೆಯಲ್ಲಿ ಅಷ್ಟು ನೀರು ಎಲ್ಲಿಂದ ಬರುತ್ತದೆ ಎಂದು ಗ್ರಾಮಸಭೆಯಲ್ಲಿ ಕೇಳಲು ರೋನ್-ಲ್ವಾರ್‌ಗಳ ಉದಾಹರಣೆ ನಮ್ಮ ಬಳಿ ಇರಬೇಕು.

ಹೋಗುವವರಿಗೆ ಕೊನೆಯದಾಗಿ ಕೆಲವು ಮಾತು. ವಿಹಾರದ ಕಾಲ ಏಪ್ರಿಲಿನಿಂದ ಅಕ್ಟೋಬರಿನವರೆಗೆ. ಕೊಯ್ಲು ಮುಗಿದು ಮಳೆ ಹಿಡಿಯುವ ಮೊದಲಿನ ಏಪ್ರಿಲ್-ಮೇ ನಮ್ಮವರಿಗೆ ಅನುಕೂಲ. ಆದರೆ ವಸಂತದಲ್ಲಿ ರೋನ್, ಸೋನ್‌ಗಳಿಗೆ ನೆರೆ ಬಂದರೆ ಹಡಗುಗಳು ಸೇತುವೆಯಡಿ ನುಸುಳಲಾರದೆ ನಿಲ್ಲುವುದುಂಟು. ಷೆಂಗೆನ್ ವೀಸಾಕ್ಕೆ ಆರು ತಿಂಗಳು ಮುಂಚಿತವಾಗಿ ಅರ್ಜಿ ಹಾಕಬಹುದು. ವಿಮಾನದ ಹೊಗೆಯ ಲೆಕ್ಕ ಮರೆಯುವಂತಿಲ್ಲ; ಹೋಗುವುದೇ ಆದರೆ ಒಮ್ಮೆ ಹೋಗಿ ಹೆಚ್ಚು ದಿನ ಇದ್ದು ಬನ್ನಿ, ಊರಿಂದೂರಿಗೆ ರೈಲು ಹಿಡಿಯಿರಿ. ಕಾಲಿನಲ್ಲಿ ಬಲವಿರುವ ಕಿರಿಯರಿಗೆ ಲ್ವಾರ್ ದಡದುದ್ದಕ್ಕೂ ಸೈಕಲ್ ಮಾರ್ಗವಿದೆ. ಅಲ್ಲಿನ ಮರಳದಿಣ್ಣೆಗಳ ಮೇಲೆ ವಸಂತ-ಬೇಸಿಗೆಗಳಲ್ಲಿ ರೀವ ಹಕ್ಕಿಗಳು ಬರೀ ಮರಳಿನ ಮೇಲೆಯೇ ಮೊಟ್ಟೆಯಿಡುತ್ತವೆ. ಆ ದಿನಗಳಲ್ಲಿ ಕಾಲಿಡಬಾರದೆಂದು ಫಲಕ ಹಾಕಿದ ದಿಣ್ಣೆಗಳನ್ನು ದಡದಿಂದಲೇ ನೋಡಿರಿ.