ಹನ್ನೊಂದು ಡಬ್ಬಿ, ಏಳು ಮುಚ್ಚಳ

ಮಕ್ಕಳೇ, ಈ ಭಾನುವಾರ ನಿಮಗೊಂದು ಕೆಲಸ. ಅಡುಗೆಮನೆಯಲ್ಲಿರುವ ಊಟದ ಡಬ್ಬಿಗಳನ್ನೆಲ್ಲ ಎಣಿಸಿ. ಆಮೇಲೆ ಮುಚ್ಚಳಗಳನ್ನು ಬೇರೆಯಾಗಿ ಎಣಿಸಿ. ಎರಡೂ ಲೆಕ್ಕ ಸರಿಹೋದರೆ ನಿಮ್ಮ ಅಮ್ಮನಿಗೆ ನನ್ನದೊಂದು ದೊಡ್ಡ ನಮಸ್ಕಾರ ತಿಳಿಸಿ. ನಮ್ಮ ಮನೆಯಲ್ಲಿ ಡಬ್ಬಿ ಹನ್ನೊಂದು ಸಿಕ್ಕಿದವು, ಮುಚ್ಚಳ ಏಳು. ಆ ಏಳರಲ್ಲೂ ಎರಡು ಯಾವ ಡಬ್ಬಿಗೂ ಕೂರಲಿಲ್ಲ. ಅಂದರೆ ಮುಚ್ಚಳ ಕಳೆದುಕೊಂಡ ಆರು ಡಬ್ಬಿಗಳೂ, ಡಬ್ಬಿ ಕಳೆದುಕೊಂಡ ಎರಡು ಮುಚ್ಚಳಗಳೂ ಬಾಡಿಗೆ ಕೊಡದೆ ಒಂದಿಡೀ ಕಪಾಟಿನಲ್ಲಿ ಸಂಸಾರ ಮಾಡಿಕೊಂಡಿದ್ದವು.

ಅಡುಗೆಮನೆಯಲ್ಲಿ ಜಾಗ ಸಾಲದು ಅನ್ನುವುದು ಈಗ ಮನೆಮನೆಯ ಮಾತು. ನಮ್ಮದು 7 ಅಡಿಗೆ 8 ಅಡಿ. ಫ್ರಿಜ್ಜು, ಎರಡು ಸಿಲಿಂಡರು, ನೀರು ಸೋಸುವ ಯಂತ್ರ, ಮಿಕ್ಸಿ, ಗ್ರೈಂಡರು, ಮೂರು ಅಳತೆಯ ಕುಕ್ಕರು, ನಲ್ಲಿ ಬರುವ ದಿನ ತುಂಬಿಡುವ ಡ್ರಮ್ಮು, ಇವಿಷ್ಟು ಕೂತ ಮೇಲೆ ಒಬ್ಬರು ನಿಂತು ತಿರುಗುವಷ್ಟು ನೆಲ ಉಳಿಯುತ್ತದೆ. ಸೊಸೆ ದೋಸೆ ಹುಯ್ಯುವಾಗ ನಾನು ಕಾಫಿ ಸೋಸಲು ಹೋದರೆ ಇಬ್ಬರಲ್ಲೊಬ್ಬರು ಹೊರಗೆ ಬರಬೇಕು.

ನನ್ನ ಓರಗೆಯವರು ಇದಕ್ಕೆ ಕೂಡಲೇ ಒಂದು ಮಾತು ಹೇಳುತ್ತಾರೆ: ನಮ್ಮ ಕಾಲದಲ್ಲಿ ಇಷ್ಟೊಂದು ಸಾಮಾನೇ ಇರಲಿಲ್ಲ. ನಾನು ಒಪ್ಪುವುದಿಲ್ಲ. ಸಾಮಾನು ಬೇಕಾದಷ್ಟಿತ್ತು, ಅಡುಗೆಮನೆಯಲ್ಲಿ ಇರಲಿಲ್ಲ ಅಷ್ಟೆ. ವರ್ಷದ ಅಕ್ಕಿ, ಬೇಳೆ, ಬೆಲ್ಲ, ಮೆಣಸಿನಕಾಯಿಗೆ ಉಗ್ರಾಣವಿತ್ತು. ರಾಗಿಗೆ ಮಣ್ಣಿನ ವಾಡೆ, ಭತ್ತಕ್ಕೆ ಕಣಜ. ಹಬ್ಬಕ್ಕೆ ಮಾತ್ರ ಇಳಿಯುವ ಪಾತ್ರೆಗಳಿಗೆ ಅಟ್ಟ. ಹಾಲು, ಮೊಸರು, ಬೆಣ್ಣೆ ಬೆಕ್ಕಿಗೂ ಇರುವೆಗೂ ಸಿಗದ ಹಾಗೆ ಸೂರಿನಿಂದ ಇಳಿಬಿಟ್ಟ ನೆಲುವಿನಲ್ಲಿ ತೂಗುತ್ತಿದ್ದವು. ದೀಪಕ್ಕೆ, ಉಪ್ಪಿನ ಮರಿಗೆಗೆ ಗೋಡೆಯಲ್ಲೇ ಗೂಡು. ಬೆಳಿಗ್ಗೆ ಆ ದಿನಕ್ಕೆ ಬೇಕಾದಷ್ಟನ್ನು ಉಗ್ರಾಣದಿಂದ ಅಳೆದು ತಂದರೆ ಮುಗಿಯಿತು. ಒಲೆಯ ಹತ್ತಿರ ಇರುತ್ತಿದ್ದದ್ದು ಅಂದಂದಿನ ಸಾಮಾನು ಮಾತ್ರ.

ಊರೂರಿಗೂ ಒಂದೊಂದು ಉಪಾಯ. ಕರಾವಳಿಯಲ್ಲಿ ಅಕ್ಕಿಯನ್ನು ಬೈಹುಲ್ಲಿನೊಳಗಿಟ್ಟು, ಹುಲ್ಲಿನ ಹಗ್ಗದಲ್ಲೇ ಬಿಗಿದು ಚೆಂಡಿನಂತೆ ಮುಡಿ ಕಟ್ಟುತ್ತಿದ್ದರು. ಮಲೆನಾಡಿನಲ್ಲಿ ಒಲೆಯ ಮೇಲುಗಡೆಯ ಅಟ್ಟಕ್ಕೆ ದಿನವೂ ಹೊಗೆ ತಾಗಿ, ಅಲ್ಲಿಟ್ಟಿದ್ದಕ್ಕೆ ಮಳೆಗಾಲದ ತೇವವಾಗಲಿ ಹುಳುವಾಗಲಿ ಅಂಟುತ್ತಿರಲಿಲ್ಲ. ಉತ್ತರ ಕರ್ನಾಟಕದ ಬಯಲುಸೀಮೆಯಲ್ಲಿ ಜೋಳಕ್ಕೆ ನೆಲದೊಳಗೇ ಹಗೇವು ತೋಡುತ್ತಿದ್ದರು. ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ಒಳಗೆ ಗಾಳಿಯಾಡದು, ಹುಳು ಬದುಕದು. ಮನುಷ್ಯರಿಗೂ ಅದೇ ಮಾತು. ಹಗೇವು ತೆರೆದ ಕೂಡಲೇ ಯಾರೂ ಒಳಗಿಳಿಯುತ್ತಿರಲಿಲ್ಲ, ಕೆಟ್ಟ ಗಾಳಿ ಹೊರಗೆ ಹೋಗಲೆಂದು ಕಾಯುತ್ತಿದ್ದರು. ನಿಮ್ಮ ಅಜ್ಜ ಆ ಕಡೆಯವರಾಗಿದ್ದರೆ ಕೇಳಿ ನೋಡಿ, ನನಗಿಂತ ಚೆನ್ನಾಗಿ ಹೇಳುತ್ತಾರೆ.

ಈಗ ಈ ಉಗ್ರಾಣ, ಕಣಜ, ಅಟ್ಟ, ನೆಲುವು ಎಲ್ಲವೂ 56 ಚದರಡಿಯೊಳಗೆ ಬಂದು ಕೂತಿವೆ. ನಾವು ಮಾತ್ರ ದೊಡ್ಡ ಮನೆಯ ಅಭ್ಯಾಸ ಬಿಟ್ಟಿಲ್ಲ. ಅದರ ಮೇಲೆ, ಬರುವ ಸಾಮಾನಿಗೆ ಬಾಗಿಲು ಸದಾ ತೆರೆದಿರುತ್ತದೆ. ಗೃಹಪ್ರವೇಶಕ್ಕೆ ಹೋದರೆ ಸ್ಟೀಲ್ ಬಟ್ಟಲು, ಉಪನಯನಕ್ಕೆ ಹೋದರೆ ತಟ್ಟೆ, ಸೀಮಂತಕ್ಕೆ ಹೋದರೆ ಪ್ಲಾಸ್ಟಿಕ್ ಬುಟ್ಟಿ, ಅರಿಶಿನ ಕುಂಕುಮಕ್ಕೆ ಹೋದರೆ ಅಂಗೈಯಗಲದ ಡಬ್ಬಿ. ಹೋಟೆಲಿನಿಂದ ಸಾರು ತರಿಸಿದರೆ ಅದು ಬಂದ ಡಬ್ಬಿಯನ್ನೂ ತೊಳೆದಿಡುತ್ತೇವೆ. ಕವರಿನೊಳಗೆ ಕವರು ತುರುಕಿ ಬಾಗಿಲ ಹಿಂದೆ ನೇತುಹಾಕುತ್ತೇವೆ. ಹೊರಗೆ ಹೋಗುವ ಬಾಗಿಲೊಂದು ಇದೆಯೆಂಬುದೇ ಆ ಸಾಮಾನುಗಳಿಗೆ ಗೊತ್ತಿಲ್ಲ.

ಕಳೆದ ಯುಗಾದಿಗೆ ಮುಂಚೆ ನಮ್ಮ ಅಡುಗೆಮನೆಯ ಸಜ್ಜಾ ಖಾಲಿ ಮಾಡಿದೆವು. ಅದಕ್ಕೊಂದು ಕಾರಣವಿತ್ತು. ಪಕ್ಕದ ಬೀದಿಯಲ್ಲಿರುವ ನನ್ನ ಗೆಳತಿ, ನನಗಿಂತ ಎರಡು ವರ್ಷಕ್ಕೆ ದೊಡ್ಡವರು, ಮೇಲಿನಿಂದ ಹಿತ್ತಾಳೆ ಪರಾತ ಇಳಿಸಲೆಂದು ಪ್ಲಾಸ್ಟಿಕ್ ಸ್ಟೂಲು ಹತ್ತಿದ್ದರು. ಸ್ಟೂಲು ಜಾರಿತು. ಸೊಂಟದ ಮೂಳೆ ಮುರಿದು ಮೂರು ತಿಂಗಳು ಮಲಗಿದರು, ಈಗಲೂ ವಾಕರ್ ಹಿಡಿದು ನಡೆಯುತ್ತಾರೆ. ನೋಡಲು ಹೋದಾಗ ಅವರು ಹೇಳಿದ ಮಾತು ಕಿವಿಯಲ್ಲಿದೆ: "ಆ ಪರಾತ ಬಳಸಿ ಆರು ವರ್ಷ ಆಗಿತ್ತು ಕಣೇ. ಅವತ್ತು ಯಾಕೆ ಬೇಕಾಯ್ತೋ." ಮನೆಗೆ ಬಂದು ನಮ್ಮ ಸಜ್ಜಾ ನೋಡಿದೆ. ನಾಲ್ಕು ಪರಾತಗಳ ತೂಕ ಸೊಸೆಯ ತಲೆಯ ಮೇಲೆ, ಮೊಮ್ಮಗ ಓಡಾಡುವ ದಾರಿಯ ಮೇಲೆ ಕೂತಿತ್ತು.

ಮಗ ಏಣಿ ಹತ್ತಿ ಒಂದೊಂದಾಗಿ ಇಳಿಸಿದ, ಮೊಮ್ಮಗಳು ಹೆಸರು ಓದಿದಳು. ನಿಮ್ಮಲ್ಲಿ ಎಷ್ಟು ಮಂದಿಗೆ ಗೊತ್ತೋ, ಮೊದಲೆಲ್ಲ ಪಾತ್ರೆ ಕೊಂಡರೆ ಅಂಗಡಿಯಲ್ಲೇ ಅದರ ಮೇಲೆ ಹೆಸರು ಕೊರೆದು ಕೊಡುತ್ತಿದ್ದರು, ಒಮ್ಮೊಮ್ಮೆ ತಾರೀಖನ್ನೂ ಸೇರಿಸಿ. ಚುಕ್ಕೆ ಚುಕ್ಕೆಯಾಗಿ ಮೂಡಿದ ಆ ಅಕ್ಷರಗಳನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಓದಲಾಗುತ್ತದೆ. ಅವಳು ಓದುತ್ತಾ ಹೋದ ಹಾಗೆ ನಮ್ಮ ವಂಶವೃಕ್ಷವೇ ನೆಲದ ಮೇಲೆ ಹರಡಿಕೊಂಡಿತು. ನನ್ನ ಅತ್ತೆಯ ಕೊಳಗ. ಚಿಕ್ಕಮ್ಮ ನನ್ನ ಮದುವೆಗೆ ಉಡುಗೊರೆ ಕೊಟ್ಟ ತಪ್ಪಲೆ. ನಮ್ಮಮ್ಮನ ಚಕ್ಕುಲಿ ಒರಳು. ಯಾರದೆಂದು ನನಗೂ ಗೊತ್ತಾಗದ ಒಂದು ಹೆಸರಿನ ಎರಡು ಲೋಟ. "ಅಜ್ಜೀ, ಯಾರದೋ ಮನೆ ಲೋಟ ಕದ್ದುಕೊಂಡು ಬಂದಿದ್ದೀರಾ?" ಎಂದು ಮೊಮ್ಮಗಳು ಕೇಳಿದಳು. ಕದ್ದದ್ದಲ್ಲ. ಒಂದು ಮನೆಯ ಪಾಯಸ ಇನ್ನೊಂದು ಮನೆಗೆ ಹೋದಾಗ ಲೋಟಗಳೂ ಹೀಗೆ ಊರು ಬದಲಾಯಿಸುತ್ತವೆ.

ಅಜ್ಜ ಅಜ್ಜಿಯರೇ, ಇಲ್ಲಿ ನಾನು ನಿಮ್ಮ ಪರವಾಗಿಯೇ ಒಂದು ಮಾತು ಹೇಳಬೇಕು. ಹಳೆಯ ಪಾತ್ರೆ ಕೊಟ್ಟುಬಿಡೋಣ ಎಂದಾಗ ನಮಗೆ ಚುರುಕ್ ಅನ್ನುವುದು ಲೋಹದ ಆಸೆಯಿಂದಲ್ಲ. ಅದು ಹೊರಗೆ ಹೋದರೆ ಮುಂದಿನ ಸರದಿ ನಮ್ಮದೇನೋ ಅನ್ನಿಸುತ್ತದೆ. ಮಕ್ಕಳಿಗೆ ಇದು ತಿಳಿದಿರಲಿ ಎಂದೇ ಬರೆಯುತ್ತಿದ್ದೇನೆ. ಅಜ್ಜಿ ಒಂದು ಹಳೇ ಸೌಟಿಗೆ ಹಟ ಮಾಡಿದರೆ ನಗಬೇಡಿ, ಅದು ಯಾರದೆಂದು ಕೇಳಿ. ಹಾಗೆಂದು ಎಲ್ಲ ಸೌಟೂ ಉಳಿಯಬೇಕಿಲ್ಲ. ನಮ್ಮ ಸೊಸೆ ಮದುವೆಯಾಗಿ ಬಂದು 14 ವರ್ಷ. ತವರಿನವರು ಕೊಟ್ಟ ಊಟದ ಸೆಟ್ಟನ್ನು ಇಡಲು ಎಡೆಯಿಲ್ಲದೆ ಮಂಚದ ಕೆಳಗೆ ರಟ್ಟಿನ ಪೆಟ್ಟಿಗೆಯಲ್ಲೇ ಇಟ್ಟುಕೊಂಡಿದ್ದಳು. ಅವಳೇನೂ ಹೇಳಿರಲಿಲ್ಲ, ಸಜ್ಜಾ ಖಾಲಿಯಾದಾಗ ಮೊಮ್ಮಗಳು ಎಳೆದು ತಂದಳು. ಅಡುಗೆಮನೆ ದಿನಾ ಬೇಯಿಸುವವರ ಕೈಗೆ ಒಗ್ಗಬೇಕು. ಈಗ ಹೆಚ್ಚು ಬೇಯಿಸುವವಳು ಅವಳು. ಹಾಗಾಗಿ ಏನು ಎಲ್ಲಿರಬೇಕೆಂಬುದು ಅವಳ ತೀರ್ಮಾನ, ಏನು ಉಳಿಯಬೇಕೆಂಬುದು ನನ್ನ ತೀರ್ಮಾನ ಎಂದು ಒಪ್ಪಂದವಾಯಿತು.

ಉಳಿದದ್ದು ಬಳಕೆಯ ಮೇಲೆ. ಚಕ್ಕುಲಿ ಒರಳು ಗೋಕುಲಾಷ್ಟಮಿಗೆ ಬೇಕೇ ಬೇಕು, ಉಳಿಯಿತು. ಹಿತ್ತಾಳೆಯ ಪಾವು ಉಳಿದದ್ದು ಮಾತ್ರವಲ್ಲ, ಸಜ್ಜಾದಿಂದಿಳಿದು ನೇರ ಅಕ್ಕಿ ಡಬ್ಬಿಯೊಳಗೆ ಹೋಯಿತು. ನಾಲ್ಕು ಚಟಾಕಿಗೆ ಒಂದು ಪಾವು, ನಾಲ್ಕು ಪಾವಿಗೆ ಒಂದು ಸೇರು ಎಂಬುದು ನಾವು ಕಲಿತ ಮಗ್ಗಿ. 1956ರಲ್ಲಿ ತೂಕ ಅಳತೆಗಳ ಕಾಯ್ದೆ ಬಂದು, ಆಮೇಲೆ ಹಂತಹಂತವಾಗಿ ಕಿಲೋ ಲೀಟರುಗಳು ಅಂಗಡಿಯನ್ನು ಹಿಡಿದುಕೊಂಡವು. ಅನ್ನಕ್ಕಿಡುವಾಗ ಮಾತ್ರ ನಮ್ಮ ಮನೆಯಲ್ಲಿ ಇಂದಿಗೂ ಪಾವಿನ ಲೆಕ್ಕವೇ. ನಾಲ್ಕು ತಪ್ಪಲೆಗಳನ್ನು ನನ್ನ ತಂಗಿಯ ಮಗಳು ಸಂತೋಷದಿಂದ ಒಯ್ದಳು, ಅವಳದು ದೊಡ್ಡ ಸಂಸಾರ. ಊರು ಬದಲಾಯಿಸಿದ್ದ ಆ ಎರಡು ಲೋಟಗಳು ಮನೆಗೆಲಸಕ್ಕೆ ಬರುವಾಕೆಯ ಕಾಫಿಗೆಂದು ಮೀಸಲಾಗಿದ್ದವು ಎಂದು ಯಾರೋ ನೆನಪಿಸಿದರು. ಆಕೆಗೂ ನಮ್ಮ ಲೋಟಗಳಲ್ಲೇ ಕಾಫಿ ಕೊಡುವುದು ಬಹಳ ಹಿಂದೆಯೇ ಶುರುವಾಗಿದೆ, ಆದ್ದರಿಂದ ಆ ಮೀಸಲಾತಿ ರದ್ದು.

ಇನ್ನು ಏಳನೇ ಎಂಟನೇ ತರಗತಿಯವರಿಗೆ ಒಂದು ಲೆಕ್ಕ. 14 ಸೆಂ.ಮೀ. ವ್ಯಾಸದ ದುಂಡು ಡಬ್ಬಿಯ ತಳದ ವಿಸ್ತೀರ್ಣ ಎಷ್ಟು? ತ್ರಿಜ್ಯ 7. ಏಳೇಳು 49, ಅದನ್ನು ಇಪ್ಪತ್ತೆರಡು ಬೈ ಏಳರಿಂದ ಗುಣಿಸಿ. 154 ಚದರ ಸೆಂ.ಮೀ. ಅದೇ ಡಬ್ಬಿಯನ್ನು ಶೆಲ್ಫಿನಲ್ಲಿ ಸಾಲಾಗಿ ಜೋಡಿಸಿದಾಗ ಅದು ಹಿಡಿಯುವ ಜಾಗ 14ರ ವರ್ಗ, ಅಂದರೆ 196. ವ್ಯತ್ಯಾಸ 42. ನಮ್ಮ ಶೆಲ್ಫು 70 ಸೆಂ.ಮೀ. ಉದ್ದ, 28 ಸೆಂ.ಮೀ. ಅಗಲ. ಇಂಥ ಡಬ್ಬಿ ಹತ್ತು ಹಿಡಿಯುತ್ತವೆ. ಹತ್ತು ಡಬ್ಬಿಗಳ ಸಂದಿಯಲ್ಲಿ ಸುಮ್ಮನೆ ಹೋಗುವ ಜಾಗ 420 ಚದರ ಸೆಂ.ಮೀ. ಎರಡು ಡಬ್ಬಿಗಳ ಜಾಗಕ್ಕಿಂತ ಜಾಸ್ತಿಯಾಯಿತು! ಮೊಮ್ಮಗಳು ಈ ಲೆಕ್ಕ ಮಾಡಿ, ದುಂಡು ಡಬ್ಬಿಗಳನ್ನೆಲ್ಲ ಹೊರಗೆ ಹಾಕಿ ಚೌಕದ್ದು ತರೋಣ ಎಂದು ಹಟ ಹಿಡಿದಳು. ಲೆಕ್ಕ ಸರಿ, ಆದರೆ ನನಗೆ ಅಡುಗೆಯೂ ಗೊತ್ತು. ಚೌಕದ ಡಬ್ಬಿಯ ಮೂಲೆಯಲ್ಲಿ ರವೆ ಕೂತರೆ ಚಮಚಕ್ಕೆ ಸಿಗದು, ಬೆರಳಿಗೆ ಬಾರದು, ಅಲ್ಲೇ ಹುಳು ಹಿಡಿಯುತ್ತದೆ. ದುಂಡನೆಯದನ್ನು ತೊಳೆಯುವುದು ಸುಲಭ. ಖಾಲಿಯಾದರೆ ಒಂದರೊಳಗೊಂದು ಕೂರುತ್ತದೆ. ದಿನಾ ಕೈ ಹಾಕುವುದಕ್ಕೆ ದುಂಡು, ಪೊಟ್ಟಣ ಒಡೆಯದೆ ಇಡುವ ದಾಸ್ತಾನಿಗೆ ಚೌಕ. ಇಬ್ಬರೂ ಅರ್ಧರ್ಧ ಗೆದ್ದೆವು.

ದಾಸ್ತಾನು ಎಷ್ಟಿರಬೇಕು? ನಮ್ಮ ತಲೆಮಾರಿನವರ ಕೈ ಇಲ್ಲಿ ಉದ್ದ. ವರ್ಷಕ್ಕಾಗುವಷ್ಟು ತಂದಿಟ್ಟರೇ ನೆಮ್ಮದಿ. ಹುಣಸೆಹಣ್ಣಿಗೆ ಅದು ಸರಿ. ಉಪ್ಪು ಬೆರೆಸಿ ಜಾಡಿಗೆ ಗಿಡಿದಿಟ್ಟರೆ ಬಣ್ಣ ಕಪ್ಪಾಗುತ್ತದೆ, ಕೆಡುವುದಿಲ್ಲ. ಬೇಸಗೆಯಲ್ಲಿ ಒಣಗಿಸಿದ ಸಂಡಿಗೆ ಹಪ್ಪಳಕ್ಕೂ ಸರಿ. ಅಕ್ಕಿಗೆ ಈ ಮಾತು ನಡೆಯದು. ಅಕ್ಕಿಯಲ್ಲಿ ಕಾಣುವ ಸೊಂಡಿಲಿನ ಕಂದು ಹುಳು ಇದೆಯಲ್ಲ, ಅದು ಕಾಳಿಗೆ ತೂತು ಕೊರೆದು ಒಳಗೊಂದು ಮೊಟ್ಟೆಯಿಟ್ಟು ತೂತನ್ನು ಮುಚ್ಚಿಬಿಡುತ್ತದೆ. ಮರಿ ಕಾಳಿನೊಳಗೇ ತಿಂದು ಬೆಳೆದು, ಬೆಚ್ಚಗಿನ ದಿನಗಳಲ್ಲಿ ಸುಮಾರು ಒಂದು ತಿಂಗಳಲ್ಲಿ ಹುಳುವಾಗಿ ಹೊರಗೆ ಬರುತ್ತದೆ. ನೋಡಲು ಚೊಕ್ಕವಾಗಿದ್ದ ಅಕ್ಕಿಯಲ್ಲಿ ಇದ್ದಕ್ಕಿದ್ದಂತೆ ಹುಳು ಏಳುವುದು ಹೀಗೆ. ಆರು ತಿಂಗಳ ಅಕ್ಕಿ ಮನೆಯಲ್ಲಿಟ್ಟರೆ ಐದಾರು ತಲೆಮಾರಿಗೆ ಅನ್ನ ಹಾಕಿದಂತೆ, ನಮ್ಮ ತಲೆಮಾರಿಗಲ್ಲ. ಹುಳು ಬಂತೆಂದು ಅಕ್ಕಿಯನ್ನು ಸುಡುಬಿಸಿಲಿಗೆ ಸುರಿದರೆ ಕಾಳು ಸೀಳಿ ನುಚ್ಚಾಗುತ್ತದೆ. ನೆರಳಲ್ಲಿ ಹರಡಿ, ಮೊರದಲ್ಲಿ ಕೇರಿ. ರವೆಯನ್ನಂತೂ ತಂದ ದಿನವೇ ಹುರಿದಿಡುವುದು ಕ್ಷೇಮ. ಬೀದಿ ಕೊನೆಯ ಅಂಗಡಿ ರಾತ್ರಿ ಹತ್ತರವರೆಗೆ ತೆರೆದಿರುವಾಗ ಅದನ್ನೇ ನಮ್ಮ ಉಗ್ರಾಣ ಅಂದುಕೊಂಡರಾಯಿತು. ಹೊಸದು ತಂದಾಗ ಹಳೆಯದರ ಮೇಲೆ ಸುರಿಯದೆ, ಹಳೆಯದನ್ನು ಮೊದಲು ಮುಗಿಸುವ ಕೆಲಸ ನಮ್ಮಲ್ಲಿ ಮೊಮ್ಮಗನದು. ಡಬ್ಬಿಯ ಮೇಲೆ ಚೀಟಿ ಅಂಟಿಸಿ ತಾರೀಖು ಬರೆಯುತ್ತಾನೆ. ಉದ್ದಿನಬೇಳೆ ಡಬ್ಬಿಯ ಮೇಲೆ ಹುಟ್ಟಿದ ಹಬ್ಬದ ಕೇಕಿನ ಚಿತ್ರವನ್ನೂ ಬರೆದಿದ್ದಾನೆ. ಯಾಕೆಂದು ಕೇಳಿಲ್ಲ.

ಎರಡು ಕಡೆ ಮಾತ್ರ ಅವನ ಕೈಗೆ ನಿಷೇಧ. ಸಿಲಿಂಡರ್ ಇರುವ ಗೂಡಿನಲ್ಲಿ ಹಳೇ ಪೇಪರು, ಈರುಳ್ಳಿ ಚೀಲ ತುರುಕುವ ಅಭ್ಯಾಸ ಹಲವು ಮನೆಗಳಲ್ಲಿದೆ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೇರಿ ಹೋಗದೆ ಕೆಳಗೇ ತಂಗುತ್ತದೆ. ಅಲ್ಲಿ ಗಾಳಿ ಆಡಬೇಕು, ಬೇರೇನೂ ಇರಕೂಡದು. ಎರಡನೆಯದು ಫಿನಾಯಿಲು, ಆಸಿಡ್ಡು. ಜಾಗವಿಲ್ಲವೆಂದು ಸಿಂಕಿನ ಕೆಳಗೆ ಎಣ್ಣೆ ಡಬ್ಬದ ಪಕ್ಕ ಇಡುವುದು, ಅದರಲ್ಲೂ ತಂಪು ಪಾನೀಯದ ಖಾಲಿ ಬಾಟಲಿಗೆ ತುಂಬಿಡುವುದು ಸಲ್ಲದು. ಅಂಥದ್ದು ಬಚ್ಚಲಿನ ಮೇಲ್ಗೂಡಿಗೆ.

ಈರುಳ್ಳಿಯೂ ಆಲೂಗೆಡ್ಡೆಯೂ ಒಂದೇ ಬುಟ್ಟಿಯಲ್ಲಿದ್ದರೆ ಆಲೂಗೆಡ್ಡೆ ಬೇಗ ಮೊಳೆಯುತ್ತದೆ. ಜಾಗ ಉಳಿಸಲು ಅವೆರಡನ್ನು ಒಟ್ಟಿಗೆ ಇಡಬೇಡಿ ಎಂದು ಸೊಸೆ ಬರೆಯಲು ಹೇಳಿದ್ದಾಳೆ, ಬರೆದಿದ್ದೇನೆ. ಭಾರದ ಪಾತ್ರೆಗಳೆಲ್ಲ ಈಗ ಮೊಣಕಾಲಿನಿಂದ ಭುಜದೊಳಗಿನ ಎತ್ತರದಲ್ಲಿವೆ. ಸಜ್ಜಾದಲ್ಲಿರುವುದು ಹಗುರದ ಬುಟ್ಟಿ, ಮೊರ ಮತ್ತು ಖಾಲಿ ಜಾಗ. ಆ ಖಾಲಿ ಜಾಗವನ್ನು ತುಂಬಬೇಕೆಂದು ನನ್ನ ಕೈ ತುರಿಸುತ್ತಲೇ ಇರುತ್ತದೆ.

ತೀರ್ಮಾನವಾಗದೆ ಉಳಿದದ್ದು ತಾಮ್ರದ ಹಂಡೆ ಒಂದೇ. ಗೀಸರು ಬಂದ ಮೇಲೆ ಅದಕ್ಕೆ ಕೆಲಸವಿಲ್ಲ. ಪಾತ್ರೆ ಅಂಗಡಿಯವನು ತೂಕಕ್ಕೆ ತೆಗೆದುಕೊಳ್ಳುತ್ತೇನೆ ಎನ್ನುತ್ತಾನೆ, ಮಗ ದೀಪಾವಳಿಗೆ ನೀರು ತುಂಬುವ ಶಾಸ್ತ್ರಕ್ಕೆ ಬೇಕು ಎನ್ನುತ್ತಾನೆ. ಸದ್ಯಕ್ಕೆ ಬಾಲ್ಕನಿಯಲ್ಲಿದೆ. ಕಳೆದ ವಾರ ನೋಡಿದರೆ ಮೊಮ್ಮಗ ಅದರೊಳಗೆ ಎರಡು ಬ್ಯಾಟು, ಒಂದು ವಿಕೆಟ್ಟು, ಮನೆಯ ಛತ್ರಿಗಳನ್ನೆಲ್ಲ ನಿಲ್ಲಿಸಿದ್ದಾನೆ. ಸೊಸೆ ನೋಡಿದಳು, ಏನೂ ಹೇಳಲಿಲ್ಲ. ನಾನೂ ಹೇಳಿಲ್ಲ.